ಕೊಲೆಯೇ ನಡೆಯದ ಕೊಲೆ ಕೇಸುಗಳು

ಒಂದು ಸಾಮಾನ್ಯ ಕೊಲೆ ಕೇಸು ತಗೊಳ್ಳಿ. ಹೊಲದ ಬದುವಿನಲ್ಲಿ ಹೆಣ ಸಿಕ್ಕಿದೆ, ತಲೆಗೆ ಕೊಡಲಿ ಏಟು ಬಿದ್ದಿದೆ. ಕೊಲೆ ಆಗಿದೆ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಮಾಡಿದವರು ಯಾರು ಅನ್ನುವುದಷ್ಟೇ ಪ್ರಶ್ನೆ. ಪೊಲೀಸರು ಹುಡುಕುತ್ತಾರೆ, ಸಾಕ್ಷಿ ಸಿಗುತ್ತದೋ ಇಲ್ಲವೋ, ಕೇಸು ನಿಲ್ಲುತ್ತದೋ ಬಿದ್ದುಹೋಗುತ್ತದೋ, ಅದು ಬೇರೆ ಮಾತು. ನಾನು ಇವತ್ತು ಹೇಳುವ ಕೇಸುಗಳು ಇದಕ್ಕೆ ಪೂರ್ತಿ ತಲೆಕೆಳಗು. ಇಲ್ಲಿ ಆರೋಪಿ ಯಾರು ಅನ್ನುವುದು ಶುರುವಿನಲ್ಲೇ ಗೊತ್ತಾಗಿಬಿಟ್ಟಿರುತ್ತದೆ. ಸತ್ತ ಮಗುವಿನ ತಾಯಿ. ಇಲ್ಲವೇ ಆ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸ್. ಗೊತ್ತಿಲ್ಲದೇ ಇರುವುದು ಒಂದೇ ಸಂಗತಿ: ಅಲ್ಲಿ ಕೊಲೆ ಅಂತ ಏನಾದರೂ ನಡೆದಿದೆಯಾ, ಇಲ್ವಾ?

ಅದನ್ನು ಹೇಳಬೇಕಾದವರು ಡಾಕ್ಟರು. ಡಾಕ್ಟರು ಬಂದು ಕಟಕಟೆಯಲ್ಲಿ ನಿಲ್ಲುತ್ತಾರೆ. ಅವರಿಗೆ ಮೂರು ಉತ್ತರ ಸಾಧ್ಯ. ಸಹಜ ಸಾವು ಅನ್ನಬಹುದು, ಕೊಲೆ ಅನ್ನಬಹುದು, ಗೊತ್ತಿಲ್ಲ ಅನ್ನಬಹುದು. ಈ ಮೂರನೆಯದು ಯಾರಿಗೂ ಬೇಡದ ಉತ್ತರ. ಪೊಲೀಸರಿಗೆ ಬೇಡ, ವಕೀಲರಿಗೆ ಬೇಡ, ಪೇಪರಿನವರಿಗಂತೂ ಬೇಡವೇ ಬೇಡ. ಆದರೆ ಇವತ್ತು ಹೇಳುವ ಕೇಸುಗಳಲ್ಲೆಲ್ಲ ಪ್ರಾಮಾಣಿಕ ಉತ್ತರ ಅದೇ ಆಗಿತ್ತು. ಗೊತ್ತಿಲ್ಲ ಅನ್ನುವುದನ್ನು ಕೊಲೆ ಎಂದು ಓದಿಕೊಂಡಿದ್ದರಿಂದ ಏನೂ ಮಾಡದ ಹೆಣ್ಣುಮಕ್ಕಳು ವರ್ಷಗಟ್ಟಲೆ ಜೈಲಿನಲ್ಲಿ ಕೂತರು. ನಾನು ವಕೀಲಳಲ್ಲ, ಡಾಕ್ಟರೂ ಅಲ್ಲ. ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಈ ಕೇಸುಗಳಲ್ಲಿ ನನ್ನ ವಿಷಯವನ್ನೇ ಆಯುಧ ಮಾಡಿಕೊಂಡಿದ್ದರು, ಅದಕ್ಕೇ ನನಗೆ ಇದರ ಬಗ್ಗೆ ಇಷ್ಟು ಸಂಕಟ.

ಮೊದಲು ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್. ಆಕೆ ವಕೀಲೆ, ಗಂಡನೂ ವಕೀಲ. 1996ರ ಡಿಸೆಂಬರಿನಲ್ಲಿ ಅವರ ಮೊದಲ ಮಗು 11 ವಾರದ್ದಿದ್ದಾಗ ತೀರಿಕೊಂಡಿತು. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಉಸಿರಾಟದ ಸೋಂಕು ಎಂದು ಬರೆದರು. ಅಲ್ಲಿಗೆ ಆ ವಿಷಯ ಮುಗಿದಿತ್ತು. ಮುಂದಿನ ವರ್ಷ ಇನ್ನೊಂದು ಗಂಡು ಮಗು ಹುಟ್ಟಿತು. 1998ರ ಜನವರಿಯಲ್ಲಿ ಅದೂ 8 ವಾರಕ್ಕೆ ತೀರಿಕೊಂಡಿತು. ಪೋಸ್ಟ್‌ಮಾರ್ಟಂ ಮಾಡಿದ್ದು ಅದೇ ಡಾಕ್ಟರು, ಅಲನ್ ವಿಲಿಯಮ್ಸ್. ಈ ಸಲ ಮಗುವನ್ನು ಅಲುಗಾಡಿಸಿ ಸಾಯಿಸಿದ್ದಾರೆ ಅಂದರು. ಆಮೇಲೆ ಮೊದಲನೇ ಮಗುವಿನ ಕಾಗದ ತೆಗೆದು, ಸೋಂಕು ಎಂದು ತಾವೇ ಬರೆದದ್ದನ್ನು ಬದಲಾಯಿಸಿ, ಅದನ್ನೂ ಉಸಿರುಗಟ್ಟಿಸಿರಬೇಕು ಅಂದರು. ಎರಡನೇ ಮಗುವಿನ ಕಣ್ಣಿನಲ್ಲಿ ರಕ್ತಸ್ರಾವ ಆಗಿದೆ ಎಂದು ಅವರು ಹೇಳಿದ್ದು ತಪ್ಪು ಅಂತ ಬೇರೆ ತಜ್ಞರು ತೋರಿಸಿದ ಮೇಲೆ ಅಲುಗಾಡಿಸಿದ ಕಥೆ ಹಿಂದೆ ಸರಿಯಿತು. ವಿಚಾರಣೆ ಹೊತ್ತಿಗೆ ಎರಡೂ ಉಸಿರುಗಟ್ಟಿಸಿದ ಕೊಲೆ ಎಂದಾಯಿತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಮೊದಲ ಮಗುವಿನ ದೇಹದಲ್ಲಿ ಹೊಸದಾಗಿ ಏನಾದರೂ ಸಿಕ್ಕಿತಾ? ಇಲ್ಲ. ಆ ಮಗು ಸತ್ತು ವರ್ಷವಾಗಿತ್ತು. ಬದಲಾಗಿದ್ದು ದೇಹ ಅಲ್ಲ, ನೋಡುವವರ ಮನಸ್ಸು. ಎರಡನೇ ಸಾವು ಬಂದು ಮೊದಲನೇ ಸಾವಿನ ಅರ್ಥವನ್ನು ಬದಲಾಯಿಸಿತು, ಆಮೇಲೆ ಹಾಗೆ ಬದಲಾದ ಮೊದಲನೇ ಸಾವು ಎರಡನೆಯದಕ್ಕೆ ಸಾಕ್ಷಿಯಾಗಿ ನಿಂತಿತು. ಒಂದು ಅನುಮಾನಕ್ಕೆ ಇನ್ನೊಂದು ಅನುಮಾನ ಆಧಾರ, ಅದಕ್ಕೆ ಇದು ಆಧಾರ. ಕೆಳಗೆ ನೆಲವೇ ಇಲ್ಲ.

1999ರಲ್ಲಿ ಚೆಸ್ಟರ್ ನಗರದಲ್ಲಿ ವಿಚಾರಣೆ ನಡೆಯಿತು. ಪ್ರಾಸಿಕ್ಯೂಷನ್ ಕಡೆಯಿಂದ ಬಂದ ದೊಡ್ಡ ಹೆಸರು ಪ್ರೊಫೆಸರ್ ರಾಯ್ ಮೆಡೋ. ಮಕ್ಕಳ ತಜ್ಞರು, ದೇಶಕ್ಕೆಲ್ಲ ಗೊತ್ತಿದ್ದವರು. ಮನೆಯಲ್ಲಿ ಒಂದು ಹಸುಗೂಸು ಹಠಾತ್ತಾಗಿ ಸತ್ತರೆ ದುರಂತ, ಎರಡು ಸತ್ತರೆ ಅನುಮಾನ, ಮೂರು ಸತ್ತರೆ ಕೊಲೆ ಎಂದೇ ತಿಳಿಯಬೇಕು ಅನ್ನುವ ಸೂತ್ರ ಅವರ ಹೆಸರಿನಲ್ಲೇ ಓಡಾಡುತ್ತಿತ್ತು. ಅವರು ಜ್ಯೂರಿಯ ಮುಂದೆ, ಅಂದರೆ ಅಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸಲು ಕೂತ ಹನ್ನೆರಡು ಸಾಮಾನ್ಯ ಜನರ ಮುಂದೆ, ಒಂದು ಸಂಖ್ಯೆ ಹೇಳಿದರು. ಇಂಥ ಕುಟುಂಬದಲ್ಲಿ ಎರಡು ಮಕ್ಕಳು ಕಾರಣವಿಲ್ಲದೆ ಸಾಯುವ ಸಂಭವ 7 ಕೋಟಿ 30 ಲಕ್ಷಕ್ಕೆ ಒಂದು. ಜೊತೆಗೆ ಒಂದು ಕುದುರೆ ರೇಸಿನ ಉದಾಹರಣೆ ಬೇರೆ ಕೊಟ್ಟರು: 80ಕ್ಕೆ 1ರ ಬಾಜಿಯ ಕುದುರೆಗೆ ನಾಲ್ಕು ವರ್ಷ ಸತತವಾಗಿ ದುಡ್ಡು ಕಟ್ಟಿ ನಾಲ್ಕೂ ಸಲ ಗೆದ್ದ ಹಾಗೆ, ಅಂತ.

ಈ ಸಂಖ್ಯೆ ಎಲ್ಲಿಂದ ಬಂತು ನೋಡೋಣ. ಅದು ಕಷ್ಟದ ಲೆಕ್ಕವೇ ಅಲ್ಲ. ಬ್ರಿಟನ್ನಿನಲ್ಲಿ ಹಸುಗೂಸುಗಳ ಸಾವಿನ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಮನೆಯಲ್ಲಿ ಯಾರೂ ಸಿಗರೇಟ್ ಸೇದುವುದಿಲ್ಲ, ಒಬ್ಬರಿಗಾದರೂ ಸಂಬಳ ಬರುತ್ತದೆ, ತಾಯಿಗೆ 26 ದಾಟಿದೆ, ಇಂಥ ಮನೆಗಳಲ್ಲಿ 8,543 ಮಕ್ಕಳಿಗೆ ಒಂದು ಹೀಗೆ ಸಾಯುತ್ತದೆ ಎಂದು ಅದರಲ್ಲಿತ್ತು. 8,543ನ್ನು 8,543ರಿಂದ ಗುಣಿಸಿ. ಸುಮಾರು 7 ಕೋಟಿ 30 ಲಕ್ಷ ಬಂತು. ಅಷ್ಟೇ.

ಹಾಗೆ ಗುಣಿಸಬೇಕಾದರೆ ಒಂದು ಷರತ್ತಿದೆ. ಒಂದು ಘಟನೆಗೂ ಇನ್ನೊಂದಕ್ಕೂ ಸಂಬಂಧವೇ ಇರಬಾರದು. ಪಿಯುಸಿಯಲ್ಲೇ ಇದನ್ನು ಹೇಳಿಕೊಡುತ್ತೇವೆ. ಅದೇ ಅಪ್ಪ, ಅದೇ ಅಮ್ಮ, ಅದೇ ಮನೆ, ಅದೇ ವಂಶವಾಹಿ ಇರುವ ಅಣ್ಣ ತಮ್ಮಂದಿರ ಸಾವಿಗೆ ಸಂಬಂಧವೇ ಇಲ್ಲ ಅಂತ ಯಾರು ಹೇಳಿದರು? ಸಕ್ಕರೆ ಕಾಯಿಲೆ ಮನೆತನದಲ್ಲಿ ಬರುತ್ತದೆ ಎಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹಸುಗೂಸಿನ ಹೃದಯದ, ಉಸಿರಾಟದ ದೋಷವೂ ಹಾಗೇ ಬರಬಹುದು. ಇನ್ನೊಂದು ವಿಷಯ. ಸಿಗರೇಟ್ ಇಲ್ಲ, ಬಡತನ ಇಲ್ಲ ಎಂದು ಅಪಾಯ ಕಮ್ಮಿ ಮಾಡುವ ಅಂಶಗಳನ್ನೆಲ್ಲ ಲೆಕ್ಕಕ್ಕೆ ತಗೊಂಡರು. ಇಂಥ ಸಾವು ಗಂಡು ಮಕ್ಕಳಲ್ಲಿ ಜಾಸ್ತಿ, ಸತ್ತ ಇಬ್ಬರೂ ಗಂಡು ಮಕ್ಕಳು, ಅದನ್ನು ಮಾತ್ರ ತಗೊಳ್ಳಲಿಲ್ಲ.

ಆದರೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದು ಗುಣಾಕಾರದ್ದಲ್ಲ. ಸಂಖ್ಯೆ ಸರಿಯಾಗೇ ಇತ್ತು ಅಂತಿಟ್ಟುಕೊಳ್ಳಿ. 7 ಕೋಟಿ 30 ಲಕ್ಷಕ್ಕೆ ಒಂದು ಅಂದ ತಕ್ಷಣ ಕೇಳಿದವರ ಮನಸ್ಸಿನಲ್ಲಿ ಏನು ಮೂಡುತ್ತದೆ? ಈಕೆ ನಿರಪರಾಧಿ ಆಗಿರುವ ಸಂಭವ 7 ಕೋಟಿ 30 ಲಕ್ಷಕ್ಕೆ ಒಂದು ಅಂತ. ಎರಡೂ ಒಂದೇ ಮಾತಲ್ಲ. ಕೇರಳದ ಓಣಂ ಬಂಪರ್ ಲಾಟರಿ ಯಾರಿಗೋ ಒಬ್ಬರಿಗೆ ಹೊಡೆಯುತ್ತದೆ. ಅದು ಅವರಿಗೇ ಹೊಡೆಯುವ ಸಂಭವ ಲಕ್ಷಾಂತರಕ್ಕೆ ಒಂದು. ಹಾಗಂತ ಅವರು ಮೋಸ ಮಾಡಿಯೇ ಗೆದ್ದಿದ್ದಾರೆ ಎಂದು ಹಿಡಿದು ಒಳಗೆ ಹಾಕುತ್ತೀರಾ? ಅಪರೂಪದ್ದು ಆಗಲೇ ಆಗಿಹೋಗಿದೆ. ಎರಡು ಮಕ್ಕಳು ಸತ್ತಾಗಿದೆ. ಈಗ ಕೇಳಬೇಕಾದ್ದು, ಇದಕ್ಕಿರುವ ಕಾರಣಗಳಲ್ಲಿ ಯಾವುದು ಹೆಚ್ಚು ಸಂಭವ? ಹೆತ್ತ ತಾಯಿ ತನ್ನ ಎರಡು ಕೂಸುಗಳನ್ನು ಒಂದಾದ ಮೇಲೆ ಒಂದು ಕೊಲ್ಲುವುದೂ ತೀರಾ ಅಪರೂಪ ಅಲ್ವಾ? ಎರಡು ಅಪರೂಪಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಕು. ಆಮೇಲೆ ಸಾಲ್ಫರ್ಡ್ ವಿಶ್ವವಿದ್ಯಾಲಯದ ರೇ ಹಿಲ್ ಎಂಬ ಗಣಿತಜ್ಞರು ತೂಗಿ ನೋಡಿದರು. ಎರಡು ಕೊಲೆಗಿಂತ ಎರಡು ಸಹಜ ಸಾವೇ ಹಲವು ಪಟ್ಟು ಹೆಚ್ಚು ಸಂಭವ ಎಂದು ಬಂತು.

ಆ ಕೋರ್ಟಿನಲ್ಲಿ ಇದನ್ನು ಹೇಳಲು ಒಬ್ಬ ಸಂಖ್ಯಾಶಾಸ್ತ್ರಜ್ಞರೂ ಇರಲಿಲ್ಲ. ಅಂಕಿಅಂಶದ ಮೇಲೆ ನಾವು ಶಿಕ್ಷೆ ಕೊಡುವುದಿಲ್ಲ ಎಂದು ನ್ಯಾಯಾಧೀಶರು ಜ್ಯೂರಿಗೆ ಎಚ್ಚರಿಕೆ ಹೇಳಿದ್ದರು ನಿಜ. ಆದರೆ ಅಂಥ ಸಂಖ್ಯೆ ಒಮ್ಮೆ ಕಿವಿಗೆ ಬಿದ್ದ ಮೇಲೆ ಅದನ್ನು ಮರೆಯಿರಿ ಅಂದರೆ ಯಾರು ಮರೆಯುತ್ತಾರೆ? 1999ರ ನವೆಂಬರಿನಲ್ಲಿ ಹತ್ತು ಜನ ಅಪರಾಧಿ ಅಂದರು, ಇಬ್ಬರು ಒಪ್ಪಲಿಲ್ಲ. ಜೀವಾವಧಿ ಶಿಕ್ಷೆ ಆಯಿತು. 2000ದಲ್ಲಿ ಮೊದಲ ಮೇಲ್ಮನವಿ ಬಿದ್ದುಹೋಯಿತು. ಸಂಖ್ಯೆಯಲ್ಲಿ ತಪ್ಪಿದ್ದರೂ ಉಳಿದ ಸಾಕ್ಷ್ಯ ಬಲವಾಗಿದೆ ಅಂದಿತು ಕೋರ್ಟು. 2001ರ ಅಕ್ಟೋಬರಿನಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಹೇಳಿಕೆ ಕೊಟ್ಟಿತು, ಈ ಸಂಖ್ಯೆಗೆ ಸಂಖ್ಯಾಶಾಸ್ತ್ರದ ಆಧಾರವೇ ಇಲ್ಲ ಅಂತ. ಒಂದು ದೇಶದ ಸಂಖ್ಯಾಶಾಸ್ತ್ರಜ್ಞರ ಸಂಘ ಒಂದು ಕ್ರಿಮಿನಲ್ ಕೇಸಿನ ಬಗ್ಗೆ ಹೀಗೆ ಬಾಯಿ ಬಿಡುವುದು ಸಣ್ಣ ವಿಷಯವಲ್ಲ.

ಆ ಉಳಿದ ಸಾಕ್ಷ್ಯ ಎಷ್ಟು ಬಲವಾಗಿತ್ತು ಅಂತ ಈಗ ಕೇಳಿ. ಸ್ಯಾಲಿಯ ಗಂಡ ಮತ್ತು ದುಡ್ಡು ತಗೊಳ್ಳದೆ ನೆರವಿಗೆ ಬಂದ ಮ್ಯಾರಿಲಿನ್ ಸ್ಟೋ ಎಂಬ ವಕೀಲೆ ಆಸ್ಪತ್ರೆಯ ಬೆನ್ನುಬಿದ್ದು ಎರಡನೇ ಮಗುವಿನ ದಾಖಲೆಗಳನ್ನು ತರಿಸಿದರು. ಆ ಕಾಗದಗಳ ನಡುವೆ ಮೈಕ್ರೋಬಯಾಲಜಿ ಲ್ಯಾಬಿನ ರಿಪೋರ್ಟುಗಳಿದ್ದವು. ಮಗುವಿನ ಮೆದುಳುಬಳ್ಳಿಯ ದ್ರವದಲ್ಲೂ ದೇಹದ ಬೇರೆ ಕಡೆಗಳಲ್ಲೂ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಮಗು ಸೋಂಕಿನಿಂದಲೇ ಸತ್ತಿರಬಹುದು ಅನ್ನುವುದಕ್ಕೆ ಇದು ಆಧಾರ. ರಿಪೋರ್ಟು 1998ರಲ್ಲೇ ಬಂದಿತ್ತು. ವಿಲಿಯಮ್ಸ್ ಅವರಿಗೆ ಅದು ಗೊತ್ತಿತ್ತು. ಸ್ಯಾಲಿಯ ವಕೀಲರಿಗೆ ಗೊತ್ತಿರಲಿಲ್ಲ, ಕೋರ್ಟಿಗೆ ಬಂದ ಬೇರೆ ತಜ್ಞರಿಗೂ ಗೊತ್ತಿರಲಿಲ್ಲ. ಅದು ಮುಖ್ಯವಲ್ಲ ಎಂದು ಅವರೊಬ್ಬರೇ ತೀರ್ಮಾನ ಮಾಡಿ ಸುಮ್ನೆ ಇದ್ದುಬಿಟ್ಟಿದ್ದರು. ಮುಖ್ಯವೋ ಅಲ್ಲವೋ ಅನ್ನುವುದು ಅವರೊಬ್ಬರು ತೀರ್ಮಾನ ಮಾಡುವ ವಿಷಯವೇ ಅಲ್ಲ.

2003ರ ಜನವರಿ 29ರಂದು ಶಿಕ್ಷೆ ರದ್ದಾಯಿತು. ಮೂರು ವರ್ಷಕ್ಕೂ ಹೆಚ್ಚು ಜೈಲು. ಜೈಲಿನೊಳಗೆ ಮಕ್ಕಳನ್ನು ಕೊಂದವಳು ಎಂಬ ಹೆಸರು. ಅಷ್ಟು ಹೊತ್ತಿಗೆ ಮೂರನೇ ಮಗು ಅಮ್ಮನಿಲ್ಲದೆ ಬೆಳೆಯುತ್ತಿತ್ತು. ಹೊರಗೆ ಬಂದ ಮೇಲೂ ಆಕೆ ಚೇತರಿಸಿಕೊಳ್ಳಲಿಲ್ಲ, 2007ರ ಮಾರ್ಚಿನಲ್ಲಿ 42ನೇ ವಯಸ್ಸಿಗೆ ತೀರಿಕೊಂಡರು. ಮೆಡೋ ಅವರ ಹೆಸರನ್ನು 2005ರಲ್ಲಿ ವೈದ್ಯರ ಪಟ್ಟಿಯಿಂದ ತೆಗೆದರು, 2006ರಲ್ಲಿ ಹೈಕೋರ್ಟು ಮತ್ತೆ ಸೇರಿಸಿತು. ನನಗೆ ಅದರಲ್ಲಿ ಜಾಸ್ತಿ ಆಸಕ್ತಿ ಇಲ್ಲ. ಅವರನ್ನೊಬ್ಬರನ್ನೇ ಬಯ್ದರೆ ಉಳಿದವರೆಲ್ಲ ಬಚಾವಾಗುತ್ತಾರೆ. ಮಕ್ಕಳ ಡಾಕ್ಟರು ಗಣಿತದ ಮಾತು ಆಡುತ್ತಿದ್ದಾಗ, ಇದು ನಿಮ್ಮ ವಿಷಯವಲ್ಲ ಎಂದು ತಡೆಯಬೇಕಾದವರು ಆ ಕೋಣೆಯಲ್ಲಿ ಎಷ್ಟೋ ಜನ ಇದ್ದರು.

ಸ್ಯಾಲಿ ಬಿಡುಗಡೆಯಾದ ಅದೇ ವರ್ಷ ಇನ್ನೊಂದು ಕೇಸು ನಡೆಯಿತು. ಅದು ನಮಗೆ ಸ್ವಲ್ಪ ಹತ್ತಿರದ್ದು. ತೃಪ್ತಿ ಪಟೇಲ್, ಗುಜರಾತಿ ಮೂಲದವರು, ಇಂಗ್ಲೆಂಡಿನಲ್ಲಿ ಫಾರ್ಮಸಿಸ್ಟ್. ಅವರ ಮೂರು ಹಸುಗೂಸುಗಳು 1997ರಿಂದ 2001ರ ಒಳಗೆ ತೀರಿಕೊಂಡಿದ್ದವು. ಮೂರನೇ ಮಗುವಿನ ಪಕ್ಕೆಲುಬು ಮುರಿದಿತ್ತು, ಅದೇ ದೊಡ್ಡ ಸಾಕ್ಷ್ಯ. ಮಗುವನ್ನು ಬದುಕಿಸಲು ಎದೆ ಒತ್ತಿದಾಗಲೂ ಪಕ್ಕೆಲುಬು ಮುರಿಯಬಹುದು ಎಂದು ಇನ್ನೊಂದು ಕಡೆಯ ತಜ್ಞರು ಹೇಳಿದರು. ಇದೆಲ್ಲದರ ನಡುವೆ ತೃಪ್ತಿಯವರ ಅಜ್ಜಿ, ತಾಯಿಯ ತಾಯಿ, ಎಂಬತ್ತರ ಆಸುಪಾಸಿನ ಮುದುಕಿ, ಇಂಡಿಯಾದಿಂದ ವಿಮಾನ ಹತ್ತಿ ಹೋಗಿ ದುಭಾಷಿಯ ಮೂಲಕ ಸಾಕ್ಷಿ ಹೇಳಿದರು. ನನಗೆ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಐದು ಹಸುಗೂಸಿನಲ್ಲೇ ಹೋದವು ಎಂದರು. ಜ್ಯೂರಿ ಒಂದೂವರೆ ಗಂಟೆಯೊಳಗೆ ವಾಪಸು ಬಂದು ನಿರಪರಾಧಿ ಎಂದಿತು.

ಆ ಅಜ್ಜಿ ಹೇಳಿದ್ದು ನಮ್ಮ ಯಾವ ಊರಿನಲ್ಲಾದರೂ ಕೇಳುವ ಮಾತು. ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟು ಹೆತ್ತಿರಿ ಅಂದರೆ ಒಂದು ಲೆಕ್ಕ, ಎಷ್ಟು ಉಳಿದವು ಅಂದರೆ ಇನ್ನೊಂದು ಲೆಕ್ಕ ಹೇಳುತ್ತಿದ್ದರು. ಕೆಲವು ಮನೆಗಳಲ್ಲಿ ಮಕ್ಕಳು ಮೇಲಿಂದ ಮೇಲೆ ಹೋಗುತ್ತಿದ್ದವು, ಪಕ್ಕದ ಮನೆಯಲ್ಲಿ ಎಲ್ಲವೂ ಉಳಿಯುತ್ತಿದ್ದವು. ಗ್ರಹಚಾರ ಅನ್ನುತ್ತಿದ್ದರು, ದೃಷ್ಟಿ ಅನ್ನುತ್ತಿದ್ದರು. ಕಾರಣ ತಪ್ಪಿರಬಹುದು, ಆದರೆ ನೋಡಿದ್ದು ತಪ್ಪಲ್ಲ: ಕೆಲವು ಮನೆತನಗಳಲ್ಲಿ ಹೀಗಾಗುತ್ತದೆ. ಮೆಡೋ ಅವರ ಗುಣಾಕಾರದಲ್ಲಿ ಈ ಅನುಭವಕ್ಕೆ ಜಾಗವೇ ಇರಲಿಲ್ಲ.

2003ರ ಡಿಸೆಂಬರಿನಲ್ಲಿ ಆಂಜೆಲಾ ಕ್ಯಾನಿಂಗ್ಸ್ ಎಂಬ ಇನ್ನೊಬ್ಬ ತಾಯಿಯ ಶಿಕ್ಷೆಯೂ ರದ್ದಾಯಿತು. ಕಾನೂನು ಓದುವವರು ಆ ತೀರ್ಪನ್ನು ಹುಡುಕಿ ಓದಲೇಬೇಕು. ಅದರಲ್ಲಿ ಎರಡು ಮಾತಿದೆ. ಒಂದು, ಹೆಸರಾಂತ ತಜ್ಞರೇ ತಮ್ಮತಮ್ಮಲ್ಲಿ ಗಂಭೀರವಾಗಿ ಒಪ್ಪದೇ ಇದ್ದಾಗ, ಅದನ್ನು ಬಿಟ್ಟು ಬೇರೆ ಗಟ್ಟಿ ಸಾಕ್ಷ್ಯ ಇಲ್ಲದಿದ್ದರೆ, ಕೇಸು ಮುಂದುವರಿಸುವುದು ಸರಿಯಲ್ಲ. ಇನ್ನೊಂದು, ಇವತ್ತು ಕಾರಣ ತಿಳಿಯದ ಸಾವಿಗೆ ನಾಳೆ ಕಾರಣ ತಿಳಿಯಬಹುದು. ಈ ಎರಡನೇ ಮಾತು ನೆನಪಿಟ್ಟುಕೊಳ್ಳಿ. ಇಪ್ಪತ್ತು ವರ್ಷದ ನಂತರ ಅದು ಅಕ್ಷರಶಃ ನಿಜವಾಯಿತು, ಆಸ್ಟ್ರೇಲಿಯಾದಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಈಗ ನೆದರ್ಲೆಂಡ್ಸ್. ಮುಂದಿನ ಸಾಲಿನಲ್ಲಿ ನರ್ಸಿಂಗ್ ಓದುವವರು ಕೂತಿದ್ದೀರಿ, ಇದು ನಿಮಗಾಗಿ. ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಲೂಸಿಯಾ ಡಿ ಬರ್ಕ್ ಎಂಬ ನರ್ಸ್ ಇದ್ದರು. 2001ರ ಸೆಪ್ಟೆಂಬರ್ 4ರಂದು ಅಲ್ಲಿ ಒಂದು ಹಸುಗೂಸು ಸತ್ತಿತು. ಮೊದಲು ಸಹಜ ಸಾವು ಅಂದರು. ಆಮೇಲೆ ಯಾರೋ ಅಂದರು, ಲೂಸಿಯಾ ಡ್ಯೂಟಿಯಲ್ಲಿದ್ದಾಗ ಹೀಗಾಗುವುದು ಜಾಸ್ತಿ ಅಲ್ವಾ? ಆಸ್ಪತ್ರೆ ಹಳೆಯ ಫೈಲುಗಳನ್ನು ತೆಗೆಯಿತು.

ಹೇಗೆ ತೆಗೆಯಿತು ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಮೊದಲೇ ಒಂದು ಪಟ್ಟಿ ಮಾಡಿ, ಯಾವ ಸಾವು ವಿವರಣೆಗೆ ಸಿಗುವುದಿಲ್ಲ ಎಂದು ಹೆಸರು ನೋಡದೆ ಗುರುತು ಹಾಕಿ, ಆಮೇಲೆ ಆ ಹೊತ್ತಿಗೆ ಯಾರು ಡ್ಯೂಟಿಯಲ್ಲಿದ್ದರು ಎಂದು ನೋಡಿದ್ದರೆ ಅದು ಪರೀಕ್ಷೆ. ಇಲ್ಲಿ ನಡೆದದ್ದು ಹಾಗಲ್ಲ. ಲೂಸಿಯಾ ಇದ್ದರು ಎಂದು ಗೊತ್ತಿಟ್ಟುಕೊಂಡೇ ಫೈಲು ತೆರೆದರು. ಆಕೆ ಇದ್ದ ಪಾಳಿಯಲ್ಲಿ ಮಗುವಿಗೆ ದಿಢೀರನೆ ಉಸಿರು ಕಟ್ಟಿದ್ದರೆ ಅದು ಅನುಮಾನದ ಘಟನೆ. ಬೇರೆಯವರ ಪಾಳಿಯಲ್ಲಿ ಅಂಥದ್ದೇ ಆಗಿದ್ದರೆ ಅದು ಕಾಯಿಲೆ, ಪಟ್ಟಿಗೇ ಬರಲಿಲ್ಲ. ಹೀಗೆ ತಯಾರಾದ ಕೋಷ್ಟಕ ನೋಡಿ: ಒಟ್ಟು 1,029 ಪಾಳಿ, ಅದರಲ್ಲಿ ಲೂಸಿಯಾ ಇದ್ದದ್ದು 142. ಅನುಮಾನದ ಘಟನೆ 8. ಎಂಟಕ್ಕೆ ಎಂಟೂ ಆಕೆ ಇದ್ದಾಗಲೇ. ನೋಡಿದವರ ಮೈ ಜುಮ್ಮೆನ್ನುತ್ತದೆ. ಆದರೆ ಆ ಎಂಟು ಅನ್ನುವ ಸಂಖ್ಯೆಯೊಳಗೆ ತೀರ್ಪು ಮೊದಲೇ ಕೂತಿದೆ.

ಕೋರ್ಟಿಗೆ ಬಂದ ಲೆಕ್ಕ ಇನ್ನೂ ಭಯಂಕರ. 34 ಕೋಟಿ 20 ಲಕ್ಷಕ್ಕೆ ಒಂದು. ಬೇರೆ ಬೇರೆ ವಾರ್ಡುಗಳ ಸಂಭವವನ್ನು ಒಂದಕ್ಕೊಂದು ಗುಣಿಸಿ ತಂದದ್ದು. ಹಾಗೆ ಗುಣಿಸುತ್ತಾ ಹೋದರೆ, ಎಷ್ಟು ಜಾಗ ಬದಲಾಯಿಸಿ ಕೆಲಸ ಮಾಡುತ್ತೀರೋ ಅಷ್ಟು ದೊಡ್ಡ ಅಪರಾಧಿ ಆಗುತ್ತೀರಿ, ನೀವು ಏನೂ ಮಾಡದೇ ಇದ್ದರೂ. 2003ರಲ್ಲಿ ಜೀವಾವಧಿ ಶಿಕ್ಷೆ, 2004ರ ಮೇಲ್ಮನವಿಯಲ್ಲೂ ಅದೇ. ಮುಂದೆ ರಿಚರ್ಡ್ ಗಿಲ್ ಮತ್ತು ಪೀಟ್ ಗ್ರೂನೆಬೂಮ್ ಎಂಬ ಸಂಖ್ಯಾಶಾಸ್ತ್ರಜ್ಞರು ಸರಿಯಾಗಿ ಲೆಕ್ಕ ಹಾಕಿದಾಗ ಆ 34 ಕೋಟಿ ಇಳಿದು ಸುಮಾರು 25ಕ್ಕೆ ಒಂದು ಎಂದಾಯಿತು. ಇಪ್ಪತ್ತೈದು ನರ್ಸುಗಳಲ್ಲಿ ಒಬ್ಬರಿಗೆ ಸುಮ್ನೆ ಕಾಕತಾಳೀಯವಾಗಿ ಇಂಥ ದಾಖಲೆ ಇರಬಹುದು. ನಿಮ್ಮ ಕ್ಲಾಸಿನಲ್ಲೇ ಇಬ್ಬರು ಮೂವರು ಸಿಗುತ್ತಾರೆ.

ಇನ್ನೊಂದು ಸರಳವಾದ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಆ ವಾರ್ಡಿನಲ್ಲಿ ಲೂಸಿಯಾ ಇದ್ದ ಮೂರು ವರ್ಷದಲ್ಲಿ ಆರು ಸಾವು. ಆಕೆ ಬರುವುದಕ್ಕೆ ಮುಂಚಿನ ಮೂರು ವರ್ಷದಲ್ಲಿ ಏಳು. ಕೊಲೆಗಾರ್ತಿ ಬಂದ ಮೇಲೆ ಸಾವು ಕಮ್ಮಿಯಾಯಿತಾ?

ವೈದ್ಯಕೀಯ ಸಾಕ್ಷ್ಯವೂ ಇತ್ತು. ಸತ್ತ ಹಸುಗೂಸಿನ ರಕ್ತದಲ್ಲಿ ಡಿಗಾಕ್ಸಿನ್ ಸಿಕ್ಕಿದೆ ಅಂದರು, ಅದು ಹೃದಯದ ಔಷಧ. ಸತ್ತ ಮೇಲೆ ಅಂಗಗಳಲ್ಲಿರುವ ಡಿಗಾಕ್ಸಿನ್ ರಕ್ತಕ್ಕೆ ಇಳಿದು ಪ್ರಮಾಣ ಹೆಚ್ಚು ತೋರಿಸುತ್ತದೆ. ಹಸುಗೂಸುಗಳ ಮೈಯಲ್ಲಿ ತಾನಾಗೇ ಇರುವ ಕೆಲವು ವಸ್ತುಗಳನ್ನೂ ಸಾಮಾನ್ಯ ಪರೀಕ್ಷೆ ಡಿಗಾಕ್ಸಿನ್ ಎಂದೇ ಎಣಿಸುತ್ತದೆ. ಇವೆರಡನ್ನೂ ಮೊದಲು ಗಟ್ಟಿಯಾಗಿ ಹೇಳಿದವರಿಲ್ಲ. ಒಂದು ಕೊಲೆ ಖಾತ್ರಿಯಾಯಿತು ಅಂದುಕೊಂಡ ಮೇಲೆ ಉಳಿದವಕ್ಕೆ ಅಷ್ಟೊಂದು ಪುರಾವೆ ಬೇಡ ಅನ್ನುವ ತರ್ಕ ಹಿಡಿದು ಸಾಲಾಗಿ ಎಲ್ಲವನ್ನೂ ಆಕೆಯ ಮೇಲೆ ಹೊರಿಸಿದರು. ಹಳೆಯ ಡೈರಿಯಲ್ಲಿ ಆಕೆ ತನ್ನ ಒಂದು ಚಟದ ಬಗ್ಗೆ, ಗುಟ್ಟಿನ ಬಗ್ಗೆ ಬರೆದುಕೊಂಡಿದ್ದರು. ರೋಗಿಗಳಿಗೆ ಕದ್ದುಮುಚ್ಚಿ ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುತ್ತಿದ್ದೆ, ಅದು ಅಂದರು. ಕೋರ್ಟು ಅದನ್ನು ಕೊಲ್ಲುವ ಚಟ ಎಂದು ಓದಿತು.

ಆಕೆಯನ್ನು ಬಿಡಿಸಿದ್ದು ಯಾರು ಗೊತ್ತಾ? ಮೆಟ್ಟಾ ಡಿ ನೂ ಎಂಬ ಡಾಕ್ಟರು. ಆರೋಪ ಶುರುವಾದ ಆ ಆಸ್ಪತ್ರೆಯ ಹಿರಿಯ ಮಕ್ಕಳ ತಜ್ಞೆಯ ನಾದಿನಿ ಅವರು. ಮನೆಯವರ ವಿರುದ್ಧ ನಿಲ್ಲುವುದು ಎಂಥ ಕಷ್ಟ ನಿಮಗೇ ಗೊತ್ತು. ಅವರೂ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಟಾನ್ ಡೆರ್ಕ್‌ಸೆನ್ ಎಂಬ ಪ್ರೊಫೆಸರೂ ಕೂತು ಪ್ರತಿಯೊಂದು ಸಾವಿನ ಕಾಗದವನ್ನೂ ಓದಿದರು. 2008ರಲ್ಲಿ ಕೇಸು ಮತ್ತೆ ತೆರೆಯಿತು, 2010ರ ಏಪ್ರಿಲ್ 14ರಂದು ಲೂಸಿಯಾ ಖುಲಾಸೆಯಾದರು. ಅಷ್ಟರಲ್ಲಿ ಜೈಲಿನಲ್ಲೇ ಆಕೆಗೆ ಸ್ಟ್ರೋಕ್ ಹೊಡೆದಿತ್ತು. ಕೊನೆಗೆ ಯಾವ ಕೊಲೆಯೂ ನಡೆದಿರಲಿಲ್ಲ ಎಂದಾಯಿತು.

ಹಸುಗೂಸುಗಳನ್ನು ಕೊಂದರು ಎಂದು ಶಿಕ್ಷೆಯಾದ ಬ್ರಿಟನ್ನಿನ ನರ್ಸ್ ಲೂಸಿ ಲೆಟ್ಬಿ ಕೇಸಿನ ಬಗ್ಗೆ ನೀವು ಕೇಳುತ್ತೀರಿ ಅಂತ ಗೊತ್ತು. ಅದನ್ನು ಬೇಕೆಂದೇ ಈ ಸಾಲಿಗೆ ಸೇರಿಸಿಲ್ಲ. ಶಿಕ್ಷೆಯನ್ನು ಪ್ರಶ್ನಿಸುವ ತಜ್ಞರಿದ್ದಾರೆ, ಸಮರ್ಥಿಸುವವರಿದ್ದಾರೆ, ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರಿದ್ದಾರೆ. ನಾನು ಕೂತ ಜಾಗದಿಂದ ತೀರ್ಪು ಹೇಳುವುದು ಸರಿಯಲ್ಲ.

ಆಸ್ಟ್ರೇಲಿಯಾಕ್ಕೆ ಬರುತ್ತೇನೆ. ಕ್ಯಾಥ್ಲೀನ್ ಫೋಲ್ಬಿಗ್. 1989ರಿಂದ 1999ರ ಒಳಗೆ ನಾಲ್ಕು ಮಕ್ಕಳು ಹೋದವು. 2003ರಲ್ಲಿ ಶಿಕ್ಷೆ. ಯಾರೂ ಏನೂ ಕಣ್ಣಾರೆ ನೋಡಿರಲಿಲ್ಲ, ಕೊಲೆ ಎಂದು ಖಚಿತವಾಗಿ ಹೇಳುವ ಗುರುತು ಯಾವ ಮಗುವಿನ ಮೈಮೇಲೂ ಇರಲಿಲ್ಲ. ಇದ್ದದ್ದು ಒಂದೇ ಮನೆಯಲ್ಲಿ ನಾಲ್ಕು ಹೇಗೆ ಅನ್ನುವ ಪ್ರಶ್ನೆ, ಮತ್ತು ಆಕೆಯ ಡೈರಿ. ಡೈರಿಯಲ್ಲಿ ತನ್ನನ್ನು ತಾನೇ ಬೈದುಕೊಂಡಿದ್ದರು, ತನ್ನಿಂದಲೇ ಮಕ್ಕಳು ಹೋದವು ಎಂಬ ಅರ್ಥ ಬರುವ ಸಾಲುಗಳಿದ್ದವು. ಮಗು ಕಳೆದುಕೊಂಡ ಯಾವ ತಾಯಿ ತನ್ನನ್ನು ಬೈದುಕೊಂಡಿಲ್ಲ ಹೇಳಿ? ನಾನು ಎದ್ದು ನೋಡಬೇಕಿತ್ತು, ನಾನು ಬೇಗ ಆಸ್ಪತ್ರೆಗೆ ಕರಕೊಂಡು ಹೋಗಬೇಕಿತ್ತು, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ತಪ್ಪು. ಸೂತಕದ ಮನೆಗೆ ಹೋದವರೆಲ್ಲ ಇದನ್ನು ಕೇಳಿದ್ದೇವೆ. ಅಲ್ಲಿ ಅದು ತಪ್ಪೊಪ್ಪಿಗೆ ಆಯಿತು.

2018ರಲ್ಲಿ ಕ್ಯಾನ್‌ಬೆರಾದ ವಿಜ್ಞಾನಿ ಕರೋಲಾ ವಿನುವೆಸಾ ಮತ್ತು ಅವರ ಜೊತೆಯವರು ಕ್ಯಾಥ್ಲೀನ್ ಅವರ ಜೀನ್ ಓದಿದರು. ಮಕ್ಕಳದ್ದು ಹೇಗೆ ಸಿಗಬೇಕು? ಮಗು ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಒಂದು ಕಾರ್ಡಿನ ಮೇಲೆ ರಕ್ತದ ಹನಿ ಹಾಕಿ ಒಣಗಿಸಿ ಇಡುತ್ತಾರಲ್ಲ, ಆ ಹಳೆಯ ಮಾದರಿಗಳು ಉಪಯೋಗಕ್ಕೆ ಬಂದವು. ತಾಯಿಯಲ್ಲೂ ಎರಡೂ ಹೆಣ್ಣು ಮಕ್ಕಳಲ್ಲೂ ಕಾಲ್ಮ್2 ಎಂಬ ಜೀನಿನಲ್ಲಿ ಒಂದೇ ಬದಲಾವಣೆ. ಹೃದಯದ ಬಡಿತ ದಿಢೀರನೆ ತಪ್ಪಿ ಸಾವು ಬರಬಹುದಾದಂಥ ಬದಲಾವಣೆ ಅದು. 2003ರಲ್ಲಿ ಇದನ್ನು ಹುಡುಕುವ ದಾರಿಯೇ ಯಾರ ಕೈಯಲ್ಲೂ ಇರಲಿಲ್ಲ. ಆದರೂ 2019ರ ಮೊದಲ ವಿಚಾರಣಾ ಆಯೋಗ ಒಪ್ಪಲಿಲ್ಲ, ಡೈರಿಗೇ ಜೋತುಬಿತ್ತು. 2021ರಲ್ಲಿ ನೊಬೆಲ್ ಪುರಸ್ಕೃತರೂ ಸೇರಿ 90 ಜನ ವಿಜ್ಞಾನಿಗಳು, ವೈದ್ಯರು ಅರ್ಜಿ ಹಾಕಿದರು. ಎರಡನೇ ಆಯೋಗ ಕೂತಿತು. 2023ರ ಜೂನ್ 5ರಂದು ಕ್ಷಮಾದಾನ ಸಿಕ್ಕಿತು, ಡಿಸೆಂಬರಿನಲ್ಲಿ ಶಿಕ್ಷೆ ಪೂರ್ತಿ ರದ್ದಾಯಿತು. ಇಪ್ಪತ್ತು ವರ್ಷ ಜೈಲು. ಮೂವತ್ತೈದರಲ್ಲಿ ಒಳಗೆ ಹೋದವರು ಐವತ್ತೈದರಲ್ಲಿ ಹೊರಗೆ ಬಂದರು.

ಇಷ್ಟು ಹೇಳಿದ ಮೇಲೆ, ನಮ್ಮಲ್ಲಿ ಜ್ಯೂರಿ ಇಲ್ಲವಲ್ಲ, ಇದು ನಮಗೆ ಬಾಧಿಸುವುದಿಲ್ಲ ಅಂತ ಅನಿಸಬಹುದು. ಹಾಗಿಲ್ಲ. ಬೆಂಗಳೂರು ಒಂದು ಕಾಲದಲ್ಲಿ ನಾರ್ಕೋ ಪರೀಕ್ಷೆಗೆ ಹೆಸರಾಗಿತ್ತು. ನಕಲಿ ಛಾಪಾ ಕಾಗದ ಹಗರಣದ ತೆಲಗಿಗೆ ಇಲ್ಲೇ ಮಾಡಿದ್ದು. ಮಂಪರು ಬರುವ ಔಷಧ ಕೊಟ್ಟು, ಅರೆಪ್ರಜ್ಞೆಯಲ್ಲಿ ಮಾತಾಡಿಸಿ, ಅದನ್ನು ವಿಜ್ಞಾನ ಅನ್ನುತ್ತಿದ್ದೆವು. ಟಿವಿಯಲ್ಲಿ ಆ ವಿಡಿಯೋ ನೋಡಿ ಊರೆಲ್ಲ ತೀರ್ಪು ಹೇಳುತ್ತಿತ್ತು. ಮೆದುಳಿನ ವಿದ್ಯುತ್ ಅಲೆ ನೋಡಿ ಅಪರಾಧದ ನೆನಪು ಇದೆಯಾ ಇಲ್ವಾ ಹೇಳುತ್ತೇವೆ ಅನ್ನುವ ಪರೀಕ್ಷೆಯನ್ನು ನಂಬಿ 2008ರಲ್ಲಿ ಪುಣೆಯ ಒಂದು ಕೋರ್ಟು ಇಬ್ಬರಿಗೆ ಜೀವಾವಧಿ ಕೊಟ್ಟಿತು. ಆಮೇಲೆ ಹೈಕೋರ್ಟು ಜಾಮೀನು ಕೊಟ್ಟಿತು. ಆ ಪರೀಕ್ಷೆ ಕಂಡುಹಿಡಿದವರು ಹಿಂದೆ ನಿಮ್ಹಾನ್ಸ್‌ನಲ್ಲಿ ಇದ್ದವರು. ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದು ಎಂದು ಅದೇ ವರ್ಷ ಹೇಳಿದ ತಜ್ಞರ ಸಮಿತಿಗೆ ಅಧ್ಯಕ್ಷರಾಗಿದ್ದವರು ನಿಮ್ಹಾನ್ಸ್‌ನ ಆಗಿನ ನಿರ್ದೇಶಕರು. ಇದು ನನಗೆ ಹೆಮ್ಮೆಯ ವಿಷಯ. ತಮ್ಮದೇ ಮನೆಯಿಂದ ಬಂದದ್ದನ್ನು ತಪ್ಪು ಅನ್ನುವ ತಜ್ಞರು ನಮಗೆ ಬೇಕು. 2010ರಲ್ಲಿ ಸುಪ್ರೀಂ ಕೋರ್ಟು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ಇವನ್ನು ಯಾರ ಮೇಲೂ ಮಾಡುವ ಹಾಗಿಲ್ಲ ಎಂದಿತು.

ಇನ್ನು ದಿನನಿತ್ಯದ ಕೇಸುಗಳು. ಪೋಸ್ಟ್‌ಮಾರ್ಟಂ ಆಗುತ್ತದೆ, ವಿಸೆರಾ, ಅಂದರೆ ಒಳ ಅಂಗಗಳ ತುಣುಕು ತೆಗೆದು ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಡಾಕ್ಟರು ಅಭಿಪ್ರಾಯ ಬಾಕಿ ಎಂದು ಬರೆಯುತ್ತಾರೆ. ತಿಂಗಳುಗಳಾದ ಮೇಲೆ ಒಂದು ಪುಟದ ರಿಪೋರ್ಟು ಬರುತ್ತದೆ. ವಿಷ ಪತ್ತೆಯಾಗಿದೆ, ಅಥವಾ ಆಗಿಲ್ಲ. ಎಷ್ಟು ಪ್ರಮಾಣ, ಯಾವ ಪರೀಕ್ಷೆ, ಮಾದರಿಯನ್ನು ಹೇಗೆ ಇಟ್ಟಿದ್ದರು, ಎಷ್ಟೋ ಸಲ ಏನೂ ಇರುವುದಿಲ್ಲ. ನಮ್ಮ ಕಾನೂನಿನಲ್ಲಿ ಸರ್ಕಾರಿ ವಿಜ್ಞಾನ ತಜ್ಞರ ರಿಪೋರ್ಟನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ಓದಬಹುದು. ಹಿಂದಿನ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು ಕಲಂ 293, ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಬಿಎನ್‌ಎಸ್‌ಎಸ್) ಈಗ ಕಲಂ 329. ಸ್ಯಾಲಿಯ ಕೇಸಿನಲ್ಲಿ ತಜ್ಞರು ಬಂದರು, ರಿಪೋರ್ಟು ಬರಲಿಲ್ಲ. ನಮ್ಮಲ್ಲಿ ರಿಪೋರ್ಟು ಬರುತ್ತದೆ, ಬರೆದವರು ಬರುವುದಿಲ್ಲ. ಬಂದವರಿಗಾದರೂ ಪಾಟೀ ಸವಾಲು ಹಾಕಬಹುದು, ಕಾಗದಕ್ಕೆ ಹೇಗೆ ಹಾಕುತ್ತೀರಿ?

ಅದೇ ಕಲಮಿನ ಎರಡನೇ ಭಾಗ ಓದಿ. ಬೇಕೆನಿಸಿದರೆ ಕೋರ್ಟು ಆ ತಜ್ಞರನ್ನು ಕರೆಸಿ ವಿಚಾರಿಸಬಹುದು ಎಂದಿದೆ. ಇಲ್ಲಿರುವ ಕಾನೂನು ವಿದ್ಯಾರ್ಥಿಗಳು ನಾಳೆ ಒಂದು ಕೊಲೆ ಕೇಸು ಹಿಡಿದಾಗ, ಸಾವಿನ ಕಾರಣವೇ ಒಬ್ಬ ತಜ್ಞರ ಅಭಿಪ್ರಾಯದ ಮೇಲೆ ನಿಂತಿದೆ ಅನಿಸಿದರೆ, ಅವರನ್ನು ಕರೆಸಿ ಎಂದು ಅರ್ಜಿ ಹಾಕಿ. ಕೊನೆಯ ಒಂದು ಸಾಲಿನ ಅಭಿಪ್ರಾಯಕ್ಕೆ ಸುಮ್ಮನಾಗಬೇಡಿ. ಲ್ಯಾಬಿನ ಮೂಲ ಕಾಗದ, ಯಂತ್ರ ಕೊಟ್ಟ ಗ್ರಾಫು, ಸ್ಲೈಡು, ಕಲ್ಚರ್ ರಿಪೋರ್ಟು ಎಲ್ಲ ಕೇಳಿ. ಬಂದ ತಜ್ಞರಿಗೆ ಇದು ನಿಮ್ಮ ವಿಷಯವಾ, ಇದಕ್ಕೆ ಬೇರೆ ಏನು ಕಾರಣ ಇರಬಹುದು, ಅದನ್ನು ಯಾವ ಪರೀಕ್ಷೆಯಿಂದ ತಳ್ಳಿಹಾಕಿದಿರಿ ಎಂದು ಕೇಳಿ. ನರ್ಸಿಂಗ್‌ನವರು ಕೇಸ್ ಶೀಟಿನಲ್ಲಿ ಗಂಟೆ, ನಿಮಿಷ, ಕೊಟ್ಟ ಔಷಧ, ಕರೆದ ಡಾಕ್ಟರ ಹೆಸರು ಆಗಿಂದಾಗಲೇ ಬರೆಯಿರಿ, ಪಾಳಿ ಮುಗಿದ ಮೇಲೆ ನೆನಪಿನಿಂದ ಬೇಡ. ಲೂಸಿಯಾ ಕೇಸಿನಲ್ಲಿ ಮೆಟ್ಟಾ ಡಿ ನೂ ಕೂತು ಓದಿದ್ದು ಅಂಥ ಕಾಗದಗಳನ್ನೇ.